ಸಣ್ಣಜ್ಜಾರು ಹೂಂ ಅಂದರು

ಹೊಳೆ ಯಾವುದಾದರೇನು, ಆಶ್ರಮ ಯಾರದಾದರೇನು. ದಂಡೆಯ ಮೇಲೆ ಒಂದು ಬೇವಿನಮರ, ಮರದ ಸುತ್ತ ಒಂದು ಕಟ್ಟೆ ಇತ್ತು ಅಂದುಕೊಂಡರೆ ನಮ್ಮ ಕಥೆಗೆ ಅಷ್ಟು ಸಾಕು.

ಆ ಕಟ್ಟೆಗೆ ಜನ ಬರುತ್ತಿದ್ದದ್ದು ಕೈ ಮುಗಿಯುವುದಕ್ಕಲ್ಲ, ಬಾಯಿ ಬಿಡುವುದಕ್ಕೆ. ಮನೆಯಲ್ಲಿ ಆಡಲಾರದ ಮಾತು, ಊರಲ್ಲಿ ಆಡಬಾರದ ಮಾತು, ಎಲ್ಲವನ್ನೂ ಅಲ್ಲಿ ಬಂದು ಆಡಿ ಹೋಗುತ್ತಿದ್ದರು. ಕೇಳುತ್ತಿದ್ದವರು ಅಡಿವೆಪ್ಪಜ್ಜ.

ಅಜ್ಜನಿಗೆ ವಯಸ್ಸಾಯಿತು. ಒಂದು ದಿನ ಶಿಷ್ಯ ಶಂಭುಲಿಂಗನನ್ನು ಕರೆದು, "ಇನ್ನ ಕಟ್ಟಿ ಮ್ಯಾಲ ನೀ ಕುಂದ್ರು," ಅಂದರು.

"ಬಂದವರಿಗೆ ಏನ್ ಹೇಳ್ಲಿ ಅಜ್ಜಾರ?"

"ಹೇಳಾಕ ಅವರು ಬರ್ತಾರ. ನೀ ಯಾಕ ಹೇಳತಿ?"

ಶಂಭುಲಿಂಗನಿಗೆ ಇದು ರುಚಿಸಲಿಲ್ಲ. ಹೇಳುವುದಕ್ಕೆ ಅವನ ಹತ್ತಿರ ಬೇಕಾದಷ್ಟಿತ್ತು. ಕುಡುಕನಿಗೊಂದು ಮಾತು, ಅತ್ತೆ ಸೊಸೆಗೊಂದು ಮಾತು, ಶಾಲೆ ಬಿಟ್ಟ ಹುಡುಗನಿಗೊಂದು ಮಾತು, ಎಲ್ಲ ಮುಂಚೆಯೇ ಮಾಡಿಟ್ಟುಕೊಂಡಿದ್ದ. ಉಪದೇಶಕ್ಕೇನು ಸ್ವಾಮಿ, ಕೊಡುವವನಿಗೆ ಖರ್ಚಿಲ್ಲ, ತಗೊಳ್ಳುವವನಿಗೆ ಖಬರಿಲ್ಲ.

ಜನಕ್ಕೂ ಅದೇ ಬೇಕಾಗಿತ್ತು. ಅಜ್ಜ ಬರೀ ಕೇಳಿ ಕಳಿಸುತ್ತಿದ್ದರು, ಈತ ಏನಾದರೊಂದು ಕೊಟ್ಟು ಕಳಿಸುತ್ತಿದ್ದ. ಸಣ್ಣಜ್ಜಾರು ಸಣ್ಣಜ್ಜಾರು ಅಂತ ಹೆಸರು ಹೊಳೆಯಾಚೆಗೂ ಹೋಯಿತು.

ಅವನಿಗೊಂದು ರೂಢಿ ಇತ್ತು. ಎದುರಿನವರು ಮಾತಾಡುತ್ತಿದ್ದರೆ ಹೂಂಗುಡುವುದು. ಚಿಕ್ಕಂದಿನಲ್ಲಿ ಅವನ ಅಜ್ಜಿ, ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೇಳುತ್ತಿರಲಿಲ್ಲವಂತೆ, ಅಲ್ಲಿಂದ ಅಂಟಿದ್ದು. ನಮ್ಮಲ್ಲಿ ಯಾರಿಗಿಲ್ಲ ಹೇಳಿ? ಹೂಂ ಅಂದರೆ 'ಕೇಳ್ತಾ ಇದ್ದೀನಿ, ಮುಂದೆ ಹೇಳು'. ಹೂಂ ಅಂದರೆ 'ಆಗಲಿ, ಹಾಗೇ ಮಾಡು' ಅಂತಲೂ ಹೌದು. ಎರಡಕ್ಕೂ ಒಂದೇ ಹೂಂ ಇಟ್ಟುಕೊಂಡು ಇಷ್ಟು ಕಾಲ ಹೇಗೋ ಬಾಳುವೆ ಮಾಡಿದ್ದೇವೆ.

ಒಂದು ಮಧ್ಯಾಹ್ನ ಫಕೀರವ್ವ ಬಂದಳು.

ಈಚೆ ಊರಿನ ಸೋಮಲಿಂಗಪ್ಪನ ತಂಗಿ. ಹೊಳೆಯಾಚೆಯ ಮುದಕಪ್ಪನಿಗೆ ಕೊಟ್ಟಿದ್ದರು. ಅವನು ಕುಡಿದು ಹೊಡೆಯುತ್ತಾನೆ ಅಂತ ತವರಿಗೆ ಬಂದು ಕೂತಿದ್ದಳು. ತವರಿನವರು ಮೊದಮೊದಲು 'ಇರು' ಅಂದರು, ಆಮೇಲೆ ಏನೂ ಅನ್ನಲಿಲ್ಲ, ಈಗೀಗ 'ಯಾವಾಗ ಹೋಗತಿ' ಅನ್ನುತ್ತಿದ್ದರು. ನೀರಿಗೆ ಹೋದರೆ ಅದೇ ಮಾತು, ಹೊಲಕ್ಕೆ ಹೋದರೆ ಅದೇ ಮಾತು. ಉಂಡೆಯಾ ಅಂತ ಕೇಳುವವರು ಕೂಡ ಉಳಿದಿರಲಿಲ್ಲ.

ಕಟ್ಟೆಯ ಕೆಳಗೆ ಕೂತು, ನೆಲ ನೋಡುತ್ತ ಹೇಳತೊಡಗಿದಳು.

"ಅಣ್ಣ ಹೋಗು ಅಂತಾನ್ರಿ."

"ಹೂಂ."

"ಊರ ಹಿರ್ಯಾರೂ ಅದನ್ನ ಅಂತಾರ. ಕೊಟ್ಟ ಹೆಣ್ಣು ತವರಾಗ ಎಷ್ಟ ದಿನಾ ಅಂತ."

"ಹೂಂ."

ಶಂಭುಲಿಂಗನ ಕಿವಿ ಇಲ್ಲಿತ್ತು, ಮನಸ್ಸು ಬಂಡಿಯ ಹತ್ತಿರ ಇತ್ತು. ಸಂಸಾರ ಅನ್ನುವುದು ಬಂಡಿ, ಗಂಡ ಹೆಂಡತಿ ಎರಡು ಗಾಲಿ ಅಂತ ಶುರು ಮಾಡುವುದು. ಛೇ, ಅದು ಹಳೆಯದಾಯಿತು, ಎಲ್ಲರೂ ಹೇಳುತ್ತಾರೆ. ಕೀಲೆಣ್ಣೆ ಸೇರಿಸಿದರೆ? ಗಾಲಿ ಕಿರುಗುಟ್ಟಿತು ಅಂತ ಯಾರಾದರೂ ಬಂಡಿ ಸುಡುತ್ತಾರೇನು? ಕೀಲೆಣ್ಣೆ ಹಾಕುತ್ತಾರೆ. ತಾಳ್ಮೆಯೇ ಕೀಲೆಣ್ಣೆ. ಆಹಾ!

"ಈ ಸಲ ಹ್ವಾದ್ರ ನಾ ಉಳಿಯಂಗಿಲ್ಲ ಅನಸ್ತೈತ್ರಿ."

"ಹೂಂ."

"ಆದ್ರೂ ಎಲ್ಲಾರೂ ಅಂತಾರಂದ್ರ... ಹೋಗಿಬಿಡ್ಲೇನ್ರಿ ಅಜ್ಜಾರ?"

"ಹೂಂ," ಅಂದ ಶಂಭುಲಿಂಗ. ಕೀಲೆಣ್ಣೆಯ ಮಾತು ತನಗೇ ಹಿಡಿಸಿ ತಲೆಯನ್ನೂ ಆಡಿಸಿದ.

ಫಕೀರವ್ವ ಮುಖ ಎತ್ತಿದಳು. ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಎದ್ದು, ಕಟ್ಟೆಗೆ ಹಣೆ ಮುಟ್ಟಿಸಿ ಹೊರಟುಬಿಟ್ಟಳು.

"ಏ ತಂಗಿ, ನಿಂದ್ರು, ಒಂದ ಮಾತ ಹೇಳ್ತೀನಿ," ಅನ್ನುವಷ್ಟರಲ್ಲಿ ದೂರ ಹೋಗಿದ್ದಳು. ಅಷ್ಟು ಚೆಂದದ ಮಾತು ಬಾಯಲ್ಲೇ ಉಳಿಯಿತಲ್ಲ ಅಂತ ಅವನಿಗೆ ಕೆಡುಕೆನಿಸಿತು. ನೋಡಿ, ಕೆಡುಕೆನಿಸಿದ್ದು ಅದಕ್ಕೆ.

ವಾರ ಕಳೆಯುವುದರೊಳಗೆ ಸೋಮಲಿಂಗಪ್ಪ ಬಂದ. ಕೈಯಲ್ಲಿ ಕಾಯಿ, ಬಾಳೆಹಣ್ಣು, ಊದಿನಕಡ್ಡಿ. ಮುಖ ಹಗುರಾಗಿತ್ತು.

"ಭಾಳ ಉಪಕಾರ ಆತ್ರಿ ಸಣ್ಣಜ್ಜಾರ. ನಾವು ಹೇಳಿ ಹೇಳಿ ಸಾಕಾಗಿದ್ವಿ. ನೀವು ಒಂದ ಮಾತಿಗೆ ಕಳಿಸಿಬಿಟ್ರಿ."

"ಯಾರನ್ನ?"

"ನಮ್ಮ ಫಕೀರವ್ವನ್ನ. ಸಣ್ಣಜ್ಜಾರು ಹೂಂ ಅಂದ್ರು ಅಂದ್ಲು, ಗಂಟ ಕಟಗೊಂಡು ನಡದಬಿಟ್ಲು. ಅಳಲಿಲ್ಲ, ಕರೀಲಿಲ್ಲ."

ಶಂಭುಲಿಂಗ ಕಾಯಿ ಹಣ್ಣನ್ನು ಪಕ್ಕಕ್ಕೆ ಸರಿಸಿದ. "ನಾ ಹೋಗು ಅಂದಿಲ್ಲಪ."

ಸೋಮಲಿಂಗಪ್ಪ ನಕ್ಕ. "ದೊಡ್ಡವರು ಹಂಗ ಅನ್ನೂದು ಇದ್ದದ್ದ ಬಿಡ್ರಿ. ಊರಾಗೆಲ್ಲ ಅದ ಮಾತು. ಸ್ವಾಮಿಗಳ ಅಪ್ಪಣಿ ಆತು, ಇನ್ನ ನಮ್ಮ ಮ್ಯಾಲ ಏನೂ ಇಲ್ಲ ಅಂತ."

ನಮ್ಮ ಮೇಲೆ ಏನೂ ಇಲ್ಲ! ಆ ಒಂದು ಮಾತು ಆಡುವುದಕ್ಕೆ ಊರಿಗೆ ಊರೇ ಕಾದು ಕೂತಿತ್ತು. ಯಾರ ತಲೆಗೆ ಕಟ್ಟುವುದು ಅಂತ ಹುಡುಕುತ್ತಿತ್ತು, ಕಟ್ಟೆಯ ಮೇಲೆ ಒಂದು ತಲೆ ಸಿಕ್ಕಿತು.

ಶಂಭುಲಿಂಗ ಆಶ್ರಮದ ಹಿತ್ತಲಿಗೆ ಓಡಿದ. ಅಜ್ಜ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಅಜ್ಜಾರ, ಅನಾಹುತ ಆಗೇತ್ರಿ. ನಾ ಕೇಳಾಕತ್ತೀನಿ ಅಂತ ಹೂಂ ಅಂದೆ. ಅಕಿ ಹೋಗು ಅಂದ್ರು ಅಂತ ತಿಳಕೊಂಡ್ಲು."

"ಹೌದಾ? ಕೇಳಾಕತ್ತಿದ್ದೇನು?"

"ಹೌದ್ರಿ."

"ಏನ್ ಹೇಳಿದ್ಲು?"

ಶಂಭುಲಿಂಗ ಬಾಯಿ ತೆರೆದ. ಗಾಲಿ ನೆನಪಾಯಿತು, ಕೀಲೆಣ್ಣೆ ನೆನಪಾಯಿತು. ಅವಳದೊಂದು ಮಾತೂ ನೆನಪಾಗಲಿಲ್ಲ.

"ಹೋಗ್ಲಿ. ಅಕಿದು ಒಂದ ಕೈ ಸೊಟ್ಟ ಐತಿ. ಯಾವ ಕೈ?"

"ಗೊತ್ತಿಲ್ರಿ."

"ನಾ ಇಲ್ಲಿ ಹಿತ್ತಲದಾಗ ಕುಂತು ನೋಡಿದೆ," ಅಂದರು ಅಜ್ಜ. "ಎಡಗೈ."

ಶಂಭುಲಿಂಗ ನೆಲಕ್ಕೆ ಕುಸಿದು ಕೂತ. "ಈಗ ನಾ ಏನ್ ಮಾಡ್ಲಿ?"

ಅಜ್ಜ ಇನ್ನೊಂದು ಕಾಯಿ ಸುಲಿದರು.

"ಹೋಗಿ ನೋಡಿ ಬರ್ಲೇನ್ರಿ?"

ಮಾತಿಲ್ಲ.

"ಗಂಡ ಹೆಂಡ್ತಿ ನಡುವ ನಾ ಹೋಗೂದು ಸರಿನೋ ತಪ್ಪೋ, ಅದನ್ನರ ಹೇಳ್ರಿ."

ಮಾತಿಲ್ಲ.

"ಒಂದ ಸಲ ಹೂಂ ಅನ್ರಿ ಅಜ್ಜಾರ! ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜ ತಲೆಯೆತ್ತಿದರು. "ಯಾಕ? ನಾಳಿ ಏನರ ಆದ್ರ, ಅಡಿವೆಪ್ಪಜ್ಜಾರು ಹೂಂ ಅಂದ್ರು ಅನ್ನಾಕೇನು?"

ಶಂಭುಲಿಂಗ ಎದ್ದು ಹೊಳೆಗೆ ಇಳಿದ.

ಹರಿಗೋಲಿನಲ್ಲಿ ಅವನೊಬ್ಬನೇ ಕೂತಿದ್ದ. ಅಂಬಿಗ ಹುಟ್ಟು ಹಾಕುತ್ತಿದ್ದ. ಹುಟ್ಟಿದಾಗಿನಿಂದ ಯಾರ ಅಪ್ಪಣೆಯೂ ಇಲ್ಲದೆ ಹೊರಟ ಮೊದಲ ಕೆಲಸ ಇದು. ಅದೆಂಥ ಒಂಟಿತನ ಅನ್ನುವುದು ಹಾಗೆ ಹೊರಟವರಿಗೇ ಗೊತ್ತು. ಅವಳೂ ಇದೇ ನೀರು ದಾಟಿದ್ದಾಳೆ, ಅವಳ ಜೊತೆಗೂ ಯಾರೂ ಇರಲಿಲ್ಲ ಅನ್ನಿಸಿತು. ಬದುಕಿದ್ದಾಳೋ ಇಲ್ಲವೋ ಅಂತ ಆಚೆ ದಂಡೆಯನ್ನೇ ನೋಡುತ್ತ ಕೂತ.

ಬದುಕಿದ್ದಳು.

ಮುದಕಪ್ಪ ಬಾಗಿಲಲ್ಲೇ ಎದ್ದು ನಿಂತು ಕೈ ಮುಗಿದ. ಹಗಲು ಹೊತ್ತಿನಲ್ಲಿ ದೇವರಂಥ ಮನುಷ್ಯ. "ಬರ್ರಿ ಬರ್ರಿ ಸಣ್ಣಜ್ಜಾರ. ನೀವು ಕಳಿಸಿದ್ದಕ್ಕ ನನ್ನ ಮನಿ ಮನಿ ಆತು. ಏ, ಸ್ವಾಮ್ಯಾರಿಗೆ ನೀರ ತಾ."

ಫಕೀರವ್ವ ತಂಬಿಗೆ ತಂದಳು. ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿತ್ತು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ತುಟಿ ಒಡೆದಿತ್ತು, ಅದು ಹೊಸದು. ಅವಳು ಅವನ ಮುಖ ನೋಡಲಿಲ್ಲ.

ಅವನು ನೀರು ಮುಟ್ಟಲಿಲ್ಲ.

"ತಂಗಿ, ಅವತ್ತ ನೀ ಹೇಳಿದ್ದು ನಾ ಕೇಳಿಸಿಕೊಂಡಿಲ್ಲ. ನನ್ನ ಹೂಂ ಸುಳ್ಳ ಹೂಂ. ಇನ್ನೊಮ್ಮಿ ಹೇಳ್ತೀಯೇನವ್ವಾ?"

ಮುದಕಪ್ಪ ನಗೆಯಲ್ಲಿ ತೇಲಿಸಲು ನೋಡಿದ. "ಅದೇನ ಹೇಳ್ತಾಳ ಬಿಡ್ರಿ. ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ."

"ನಿನ್ನ ಕೇಳಲಿಲ್ಲಪ. ಅಕಿನ್ನ ಕೇಳಿದೆ."

ಫಕೀರವ್ವ ತಂಬಿಗೆ ಕೆಳಗಿಟ್ಟಳು. ಶಂಭುಲಿಂಗ ಕಾದ. ಪುಣ್ಯಕ್ಕೆ ಒಂದು ಗಾದೆಯೂ ಅವನಿಗೆ ನೆನಪಾಗಲಿಲ್ಲ.

"ಹೋಗು ಅನ್ನೋರು ಊರ ತುಂಬ ಇದ್ರು," ಅಂದಳು ಕೊನೆಗೆ. "ಬ್ಯಾಡ ಅನ್ನೋರು ಒಬ್ಬರರ ಸಿಗ್ತಾರೇನು ಅಂತ ನಿಮ್ಮ ಕಟ್ಟಿಗೆ ಬಂದಿದ್ದೆ."

ಶಂಭುಲಿಂಗನ ಮೈಯೆಲ್ಲ ನಾಚಿಕೆಯಿಂದ ಉರಿಯಿತು.

"ಈಗ ಅನ್ಲೇನವ್ವಾ?"

"ಈಗ ನೀವು ಅನ್ನೂದು ಬ್ಯಾಡ್ರಿ. ನಾನ ಅಂತೀನಿ." ಗಂಡನ ಕಡೆ ತಿರುಗಿದಳು. "ನನಗ ಈ ಮನಿ ಬ್ಯಾಡ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದಳು.

ಮುದಕಪ್ಪನೊಳಗಿನ ದೇವರು ಎಲ್ಲಿ ಹೋದನೋ! "ಎಲ್ಲಿ ಹೊಂಟೀ?" ಅಂತ ಕೈ ಎತ್ತಿಕೊಂಡೇ ಬಂದ. ಶಂಭುಲಿಂಗ ಅಡ್ಡ ನಿಂತ. ಏಟು ಇವನಿಗೆ ಬಿತ್ತು. ಬಿದ್ದದ್ದೂ ಕಿವಿಗೆ.

"ಅಯ್ಯಯ್ಯ, ಸ್ವಾಮಿಗೆ ಹೊಡದನಲ್ಲೋ!"

ಓಣಿಯ ಬಾಗಿಲುಗಳೆಲ್ಲ ದಡದಡ ತೆರೆದವು. ಉಣ್ಣುತ್ತಿದ್ದವರು ಎಂಜಲಗೈಯಲ್ಲೇ ಓಡಿ ಬಂದರು. ಮುದಕಪ್ಪನ ರಟ್ಟೆ ಹಿಡಿದರು, ಪಾಪಿ ಅಂದರು, ನರಕಕ್ಕೆ ಹೋಗ್ತೀ ಅಂದರು. ಅವಳಿಗೆ ಬೀಳುತ್ತಿದ್ದಾಗ ಈ ಓಣಿಯ ಮನೆಗಳಿಗೆ ಬಾಗಿಲೇ ಇಟ್ಟಿರಲಿಲ್ಲವೇನೋ, ಪಾಪ!

"ನನ್ನ ಹೇಣ್ತಿನ್ನ ಕರಕೊಂಡು ಹೊಂಟಾನ, ಹಿಡೀರಿ!" ಅಂತ ಮುದಕಪ್ಪ ಕೂಗಿದ.

"ನಾ ಕರಕೊಂಡು ಹೊಂಟಿಲ್ಲ," ಅಂದ ಶಂಭುಲಿಂಗ, ಕಿವಿ ಒತ್ತಿ ಹಿಡಿದುಕೊಂಡು. "ಅಕಿ ಹೊಂಟಾಳ. ನಾ ಹಿಂದ ಹೊಂಟೀನಿ."

ಹರಿಗೋಲು ನಡುನೀರಿಗೆ ಬಂದಾಗ ಅವಳು ಕೇಳಿದಳು, "ಕಿವಿ ನೋಯ್ತೈತೇನ್ರಿ?"

"ನೋಯ್ತೈತವ್ವ."

"ಇವತ್ತ ಗುಂಯ್ ಅಂತೈತ್ರಿ, ನಾಳಿಗೆ ಬಾವು ಬರ್ತೈತಿ. ಉಪ್ಪ ಹುರದು ಅರಿವ್ಯಾಗ ಕಟ್ಟಿ ಕಾವ ಕೊಡ್ರಿ. ಆ ಮಗ್ಗಲಾ ಮಲಗಬ್ಯಾಡ್ರಿ."

ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಕೇಳಲು ಹೋದ. ಕೇಳುವ ಮೊದಲೇ ಅವನಿಗೆ ತಿಳಿಯಿತು.

ಆಮೇಲೆ ಅವಳು ತಾನಾಗಿ ಶುರು ಮಾಡಿದಳು. ಮದುವೆಯಾದ ವರ್ಷದಿಂದ ಹೇಳಿದಳು. ಕೈ ಮುರಿದ ದಿನದ್ದು ಹೇಳಿದಳು. ಅತ್ತೆ ಅರಿಸಿನ ಹಚ್ಚುತ್ತ, ಯಾರಾದ್ರೂ ಕೇಳಿದ್ರ ಅಟ್ಟದಿಂದ ಬಿದ್ದೆ ಅನ್ನು ಅಂದದ್ದು ಹೇಳಿದಳು. ಶಂಭುಲಿಂಗ ತುಟಿ ಬಿಗಿಹಿಡಿದು ಕೂತಿದ್ದ. ಹೂಂ ಬಾಯಿತನಕ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದ.

ಅವಳು ತಟ್ಟನೆ ನಿಲ್ಲಿಸಿದಳು. "ಕೇಳಾಕತ್ತೀರೇನ್ರಿ? ಹೂಂ ಇಲ್ಲ, ಹಾಂ ಇಲ್ಲ."

"ಅಟ್ಟದಿಂದ ಬಿದ್ದೆ ಅನ್ನು ಅಂದ್ರು. ನೀನೂ ಹಂಗ ಅಂದಿ. ಅಣ್ಣಗೂ ಇವತ್ತಿನತನಕ ಅದನ್ನ ಹೇಳೀದಿ."

"ಹೌದ್ರಿ," ಅಂದಳು ಫಕೀರವ್ವ. ಆಗ ಅತ್ತಳು. ಎಷ್ಟು ದಿನದಿಂದ ತಡೆದಿಟ್ಟಿದ್ದಳೋ, ದಂಡೆ ಬರುವತನಕ ಅತ್ತಳು. ಅಂಬಿಗ ಹುಟ್ಟು ಹಾಕುವುದನ್ನು ನಿಧಾನ ಮಾಡಿದ.

ತವರಿನ ಬಾಗಿಲಲ್ಲಿ ಸೋಮಲಿಂಗಪ್ಪ ಅಡ್ಡ ನಿಂತಿದ್ದ. ಸುದ್ದಿಗೇನು, ಅದು ಹರಿಗೋಲಿಗಿಂತ ಮೊದಲೇ ಹೊಳೆ ದಾಟುತ್ತದೆ. ಊರ ಹಿರಿಯರೂ ಕೂಡಿದ್ದರು.

"ಇದೇನ್ರಿ ಸಣ್ಣಜ್ಜಾರ?" ಅಂದ ಸೋಮಲಿಂಗಪ್ಪ. "ಅವತ್ತ ಕಳಿಸಿದವರೂ ನೀವ, ಇವತ್ತ ಕರತಂದವರೂ ನೀವ. ಸ್ವಾಮ್ಯಾರಿಗೆ ಎರಡ ನಾಲಿಗಿ ಇರ್ತಾವೇನ್ರಿ? ಸಿಟ್ಟಿನ್ಯಾಗ ಗಂಡ ಒಂದೇಟ ಹೊಡದಿರ್ತಾನ, ಅಷ್ಟಕ್ಕ..."

"ಅಣ್ಣಾ," ಅಂದಳು ಫಕೀರವ್ವ. "ನನ್ನ ಕೈ ಅಟ್ಟದಿಂದ ಬಿದ್ದು ಮುರೀಲಿಲ್ಲ."

ಸೋಮಲಿಂಗಪ್ಪ ಅವಳ ಎಡಗೈ ನೋಡಿದ.

"ನಾ ಅಂದ ಹೂಂ ನಾ ವಾಪಸ್ ತಗೊಂಡೀನಿ," ಅಂದ ಶಂಭುಲಿಂಗ. "ತಪ್ಪು ನಂದು, ಎಲ್ಲಾರ ಮುಂದ ಹೇಳ್ತೀನಿ. ಇನ್ನ ನೀ ಅಕಿನ್ನ ಕಳಸ್ತೀಯಂದ್ರ ಕಳಸು. ಆದ್ರ ಸ್ವಾಮಿ ಕಳಿಸಿದ ಅನ್ನಬ್ಯಾಡ. ಹಿರ್ಯಾರು ಕಳಿಸಿದ್ರು ಅನ್ನಬ್ಯಾಡ. ನಾ ಕಳಸ್ತೀನಿ ಅನ್ನು. ಅಕಿ ಮುಖಾ ನೋಡಿ ಅನ್ನು."

ಸೋಮಲಿಂಗಪ್ಪ ತಂಗಿಯ ಮುಖ ನೋಡಿದ. ಒಡೆದ ತುಟಿ ನೋಡಿದ. ಬಾಯಿ ತೆರೆದ, ಮುಚ್ಚಿದ. ಹಿರಿಯರ ಕಡೆ ತಿರುಗಿದ. ಹಿರಿಯರು ಮಳೆ ಬರುತ್ತದೋ ಏನೋ ಅಂತ ಆಕಾಶ ನೋಡುತ್ತಿದ್ದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ನನ್ನ ಬಾಯಿಂದ ಬರವಲ್ದು," ಅಂದ ಸೋಮಲಿಂಗಪ್ಪ. ಬಾಗಿಲಿನಿಂದ ಸರಿದು ನಿಂತ. "ಬಾರವ್ವ ತಂಗಿ, ಒಳಗ ಬಾ. ಉಂಡಿಯೇನು?"

ಕಥೆ ಇಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ಆದರೆ ಆಡಿದ ಮಾತು ಹಿಂದಕ್ಕೆ ತಗೊಂಡ ಸ್ವಾಮಿಯನ್ನು ಯಾವ ಊರು ಸಹಿಸುತ್ತದೆ? ಇವತ್ತು ಹೂಂ, ನಾಳೆ ಊಹೂಂ, ಇವನನ್ನು ನಂಬಿ ಸಂಸಾರ ಮಾಡುವುದು ಹ್ಯಾಗೆ ಅಂದರು. ಗಂಡನಿರುವ ಹೆಣ್ಣನ್ನು ಮನೆ ಬಿಡಿಸಿ ತಂದ ಅಂದರು. ಬಾಯಿಗೆ ಬಂದದ್ದೆಲ್ಲ ಅಂದರು.

ಕಟ್ಟೆಗೆ ಬರುವವರು ನಿಂತರು. ಹೊಳೆಯಾಚೆಯವರು ಮೊದಲು ನಿಂತರು, ಆಮೇಲೆ ಈಚೆಯವರು. ದಾರಿಯಲ್ಲಿ ಎದುರಾದವರು ದಾರಿ ಬದಲಿಸಿದರು. ಕಿವಿಯ ನೋವು ಇಳಿಯಿತು, ಈ ನೋವು ಇಳಿಯಲಿಲ್ಲ.

ಶಂಭುಲಿಂಗ ದಿನವೂ ಕಟ್ಟೆ ಗುಡಿಸಿ ಕೂರುತ್ತಿದ್ದ. ಬೇವಿನ ಎಲೆ ಉದುರುತ್ತಿದ್ದವು, ಮತ್ತೆ ಗುಡಿಸುತ್ತಿದ್ದ. ಬೆಳಗಿನಿಂದ ಸಂಜೆತನಕ ಒಬ್ಬರೂ ಮಾತಾಡಿಸದಿದ್ದರೆ ಮನುಷ್ಯನಿಗೆ ನಾನು ಇದ್ದೇನೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಫಕೀರವ್ವ ಇಂಥ ದಿನಗಳನ್ನು ಎಷ್ಟು ಕಳೆದಿದ್ದಳು ಅಂತ ಆಗ ಅವನಿಗೆ ಅರ್ಥವಾಯಿತು.

ಒಂದು ಸಂಜೆ ಅಜ್ಜ ಕೋಲೂರಿಕೊಂಡು ಬಂದು ಅವನ ಪಕ್ಕ ಕೂತರು.

"ಯಾರೂ ಬರವಲ್ರು ಅಜ್ಜಾರ," ಅಂದ ಶಂಭುಲಿಂಗ. "ಕೇಳಾಕ ಬರದಾಗ ಮಂದಿ ಹಿಂಡ ಹಿಂಡ ಬರ್ತಿದ್ರು. ಈಗ ಕೇಳಾಕ ಕಲ್ತೀನಿ, ಹೇಳೋರಿಲ್ಲ. ಒಬ್ಬನ ಕುಂತು ಕುಂತು ಹುಚ್ಚ ಹಿಡಿಯೂದೊಂದ ಬಾಕಿ."

ಅಜ್ಜ ಹೊಳೆಯ ಕಡೆ ನೋಡುತ್ತಿದ್ದರು.

"ಮೊದಲ ಆಚಿ ದಂಡಿಯಿಂದ ಯಾರ್ಯಾರು ಬರ್ತಿದ್ರು?"

"ಗಂಡಸೂರು ಬರ್ತಿದ್ರು. ಹಿರ್ಯಾರು ಬರ್ತಿದ್ರು."

"ಮುದಕಪ್ಪನ ಓಣ್ಯಾನ ಹೆಣ್ಣಮಕ್ಕಳು?"

ಶಂಭುಲಿಂಗ ಯೋಚಿಸಿದ. ಒಂದೊಂದೇ ಮುಖ ನೆನಪು ಮಾಡಿಕೊಳ್ಳಲು ನೋಡಿದ. ನೆನಪಾಗಲು ಮುಖಗಳೇ ಇರಲಿಲ್ಲ.

"ಒಬ್ಬಾಕಿನೂ ಬಂದಿಲ್ರಿ," ಅಂದ ಮೆಲ್ಲಗೆ. "ಅವರನ್ನ ಯಾರ ಬಿಡ್ತಾರ್ರಿ?"

ಕೆಳಗೆ ಅಂಬಿಗ ಕೊನೆಯ ಸಲಕ್ಕೆ ಹರಿಗೋಲು ನೀರಿಗೆ ನೂಕುತ್ತಿದ್ದ. ಅದರಲ್ಲಿ ಯಾರೂ ಇರಲಿಲ್ಲ.

ಅಜ್ಜ ಕೋಲೂರಿ ಎದ್ದರು. ಶಂಭುಲಿಂಗನ ಹೆಗಲ ಮೇಲೆ ಕೈಯಿಟ್ಟರು.

"ಹೊಳಿ ದಾಟಾಕ ಕಲ್ತೀಯಲ್ಲ," ಅಂದರು. "ಇನ್ನ ಅವರ್ಯಾಕ ಬರಬೇಕು?"